ಮದುವೆಗೆ ಬಂದ ಸಂಸದರಿಗೆ ಸೊನ್ನೆ

ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ ಬರೆಯಲು ಕುಳಿತೆ.

ಕಪನೂರಿನ ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿಗಳು, ಕಾರ್ಮಿಕರ ಮಸೂದೆಗಳಿಗೆ ಲೋಕಸಭೆಯಲ್ಲಿ ಹಾಕಿದ ಮತ ನೋಡಿ ಸಂಸದರಿಗೆ ಅಂಕ ಕೊಡುತ್ತಿದ್ದರು. ಸಂಘದ ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಮೆತ್ತಿದ ಬೆರಳನ್ನು ಧೋತರಕ್ಕೆ ಒರೆಸಿಕೊಂಡು, "ಭಾಷಣಕ್ಕ ಅಂಕ ಇಲ್ರೀ, ಮತಕ್ಕಷ್ಟ" ಎನ್ನುತ್ತಿದ್ದರು.

ಕಮಲಾಪುರದಲ್ಲಿ ನಡೆದ ಅವರ ಮಗಳ ಮದುವೆಗೆ ಸಂಸದರೇ ಬಂದರು. ಅದೇ ದಿನ ದಿಲ್ಲಿಯಲ್ಲಿ ಕೂಲಿಯ ಮಸೂದೆ ಮತಕ್ಕೆ ಬಂದಿತ್ತು. ಕಾರ್ಯದರ್ಶಿಗಳು ಮರುದಿನವೇ ಹಲಗೆಯಲ್ಲಿ ಸೊನ್ನೆ ಬರೆದರು.

ಬೀಗರು ಓಡಿ ಬಂದರು. "ನನ್ನ ಮಗನ ನೌಕರಿಗೆ ಸಾಹೇಬ್ರು ಚೀಟಿ ಕೊಡೋರಿದ್ದಾರ. ಅಳಸ್ರಿ, ಬೀಗರ!"

"ಮದುವಿಗೆ ಬಂದದ್ದಕ್ಕ ಎರಡ ಸಲ ಹೋಳಿಗಿ ಬಡಿಸೀನಲ್ರೀ. ಮತಕ್ಕ ಹೋಗಲಿಲ್ಲ, ಅದಕ್ಕ ಸೊನ್ನಿ."

ಈಗ ಆ ಹಲಗೆಯ ಮೇಲೆ ಸಂಸದರ ಹುಟ್ಟುಹಬ್ಬದ ಪೋಸ್ಟರ್ ಇದೆ. ಕಾರ್ಯದರ್ಶಿಗಳು ಈಗ ಸಂಘದಲ್ಲಿಲ್ಲ; ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಬರೆಯಿರಿ. ಅಳಿಯನಿಗೆ ನೌಕರಿ ಸಿಕ್ಕಿತೇ ಎಂಬುದನ್ನೂ ತಿಳಿಸಿ.