ಜಪಾನಿಗೆ ಹೋದ ಚೀಲ

ನೆರೆಮನೆಯವಳ ಮೇಲೋ ಓರಗಿತ್ತಿಯ ಮೇಲೋ ಹೊಟ್ಟೆಕಿಚ್ಚು ಪಟ್ಟರೆ ಲೋಕ ಒಪ್ಪುತ್ತದೆ. ನಾನು ಪಟ್ಟದ್ದು ಹೆತ್ತ ಮಗಳ ಮೇಲೆ. ಡಿಗ್ರಿ ಮುಗಿಸಿದ್ದಳು. ಕೆಲಸಕ್ಕೆ ಸೇರುವ ಮೊದಲು ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಜಪಾನ್ ನೋಡಿ ಬರುತ್ತೇನೆ, ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿದೆ ಎಂದಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಒಬ್ಬಾಕಿನ? ತಲಿ ಕೆಟ್ಟದೇನು ನಿಂಗ?"

ಅದನ್ನು ತಾಯಿಯ ಹೆದರಿಕೆ ಎಂದು ಅವಳು ತಿಳಿದಳು. ನನ್ನ ಗಂಡನೂ ಹಾಗೇ ತಿಳಿದು, "ಹೋಗ್ಲಿ ಬಿಡ, ಹುಡುಗಿ ನಾಲ್ಕ್ ಊರು ನೋಡ್ಲಿ" ಎಂದ. ಹೆದರಿಕೆ ಇರಲಿಲ್ಲ ಎಂದಲ್ಲ. ಆದರೆ ಅದರ ಕೆಳಗೆ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಯಾಕೆಂದರೆ ಜಪಾನ್ ನನ್ನದಾಗಿತ್ತು.

ನಮ್ಮೂರು ಗದಗಿನ ಕಡೆ. ಮದುವೆಯಾದಾಗಿನಿಂದ ಇರುವುದು ಕುವೈತಿನ ಸಾಲ್ಮಿಯಾದಲ್ಲಿ. ಗಂಡ ಇಂಜಿನಿಯರ್, ನಾನು ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ನಮ್ಮ ಲ್ಯಾಬಿನ ದೊಡ್ಡ ಯಂತ್ರ ಜಪಾನಿನದು. ಮಗಳಿನ್ನೂ ಚಿಕ್ಕವಳಿದ್ದಾಗ ಅದನ್ನು ಕೂರಿಸಲು ಒಸಾಕಾದಿಂದ ಒಬ್ಬ ಮುದಿ ಇಂಜಿನಿಯರ್ ಬಂದಿದ್ದ. ಊಟದ ಹೊತ್ತಿಗೆ ನಮ್ಮವರ ಪದ್ಧತಿಯಂತೆ ನಾನು ಎಲ್ಲ ವಿಚಾರಿಸಿದೆ. ಹೆಂಡತಿ ಏನು ಮಾಡುತ್ತಾಳೆ, ಮಕ್ಕಳೆಷ್ಟು, ಮನೆ ಸ್ವಂತದ್ದೋ ಬಾಡಿಗೆಯೋ. ಅವನು ನಕ್ಕ. ತನ್ನ ಊರಿನಲ್ಲಿ ಸಂಜೆಯಾದರೆ ಜನ ಒಬ್ಬೊಬ್ಬರೇ ಹೋಟೆಲಿಗೆ ಹೋಗಿ, ಅಡುಗೆಯವನೆದುರಿನ ಉದ್ದ ಕಟ್ಟೆಯ ಮುಂದೆ ಕೂತು, ಬಿಸಿ ನೂಡಲ್ಸ್ ಉಂಡು ಎದ್ದು ಹೋಗುತ್ತಾರೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ ಎಂದ. ಅವನು ನನ್ನ ಪ್ರಶ್ನೆಗಳಿಗೆ ಮೆತ್ತಗೆ ಏಟು ಕೊಟ್ಟಿದ್ದ. ನನಗೆ ಏಟು ತಾಗಲೇ ಇಲ್ಲ. ಯಾರೂ ಏನೂ ಕೇಳದ ಊರು ಎಂಬುದೊಂದೇ ಕಿವಿಯಲ್ಲಿ ಉಳಿಯಿತು.

ನಾನು ಹುಟ್ಟಿದ್ದು ತುಂಬಿದ ಮನೆಯಲ್ಲಿ, ಸೇರಿದ್ದು ಅದಕ್ಕಿಂತ ತುಂಬಿದ ಮನೆಯನ್ನು. ಹೋಟೆಲಿನಲ್ಲಿ ಒಬ್ಬಳೇ ಕೂತು ಒಂದು ಹೊತ್ತು ಉಂಡವಳಲ್ಲ. ಇಲ್ಲಿ ಸಮುದ್ರದ ದಂಡೆಗೆ ಒಬ್ಬಳೇ ನಡೆದರೂ ಎದುರಿಗೆ ಸಿಕ್ಕ ನಮ್ಮವರು, "ಒಬ್ಬರ ಬಂದೀರೇನ್ರಿ? ಸಾಹೇಬ್ರು ಎಲ್ಲಿ?" ಎನ್ನುತ್ತಾರೆ. ಒಸಾಕಾದ ಆ ಕಟ್ಟೆಯ ಮುಂದೆ ಒಮ್ಮೆ ಕೂರಬೇಕು ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಆದರೆ ಗಲ್ಫಿನಲ್ಲಿ ರಜೆ ಎಂದರೆ ಊರು. ಬೇರೆ ಅರ್ಥವೇ ಇಲ್ಲ. ವರ್ಷವಿಡೀ ಹಾಲಿನ ಪುಡಿ, ಖರ್ಜೂರ, ಕಂಬಳಿ, ನೋವಿನ ಮುಲಾಮು ಕೂಡಿಹಾಕಿ ಕಾರ್ಟನ್ ಕಟ್ಟುವುದು. ಟೇಪು ಸುತ್ತಿ, ಹಗ್ಗ ಬಿಗಿದು, ಕರಿ ಮಾರ್ಕರಿನಲ್ಲಿ ಎಲ್ಲ ಬದಿಗೂ ದಪ್ಪ ಅಕ್ಷರದಲ್ಲಿ ಹೆಸರು ಬರೆಯುವುದು. ಒಂದು ವರ್ಷ ಧೈರ್ಯ ಮಾಡಿ, "ಈ ಸಲ ಜಪಾನಿಗೆ ಹೋಗೂಣೇನು?" ಎಂದು ಗಂಡನನ್ನು ಕೇಳಿದ್ದೆ. ಚೇಷ್ಟೆ ಎಂದುಕೊಂಡು ಜೋರಾಗಿ ನಕ್ಕ. "ಅವ್ವನ ಮೊಣಕಾಲ್ ಆಪರೇಷನ್ ಜಪಾನಿನ್ಯಾಗ ಮಾಡಸೂಣೇನು?" ಎಂದ. ಮರುವರ್ಷ ಮೈದುನನ ಮದುವೆ, ಅದರ ಮರುವರ್ಷ ಗೃಹಪ್ರವೇಶ. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಮಗಳು ಹೊರಡುವ ಹಿಂದಿನ ದಿನ ಗೆಳತಿಯರನ್ನು ನೋಡಲು ಹೋಗಿದ್ದಳು. ನಾನು ಅವಳ ಚೀಲ ತುಂಬಿದೆ. ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಮೀನಿನ ಸಾರಿಲ್ಲದೆ ಅಲ್ಲಿ ಏನನ್ನೂ ಬೇಯಿಸುವುದಿಲ್ಲವಂತೆ, ನಾವು ಮೀನು ಮುಟ್ಟದವರು. ಚೀಲದ ಬಾಯಿ ಎಳೆದದ್ದೇ ಕೈ ತಾನಾಗಿ ಮಾರ್ಕರ್ ಹುಡುಕಿತು. ಹೊಸ ಬೂದು ಬಣ್ಣದ ಚೀಲದ ಮೇಲೆ ಇಂಗ್ಲಿಷಿನಲ್ಲಿ ಅವಳ ಹೆಸರು, ಅದರ ಕೆಳಗೆ ಇನ್ನೂ ದಪ್ಪಗೆ ಕುವೈತ್ ಎಂದು ಬರೆದೆ.

"ಮಮ್ಮೀ! ವಾಟ್ ಹ್ಯಾವ್ ಯು ಡನ್! ಇಟ್ಸ್ ನಾಟ್ ಎ ಕಾರ್ಟನ್!" ಮಗಳು ಬಂದು ನೋಡಿದವಳೇ ಅತ್ತುಬಿಟ್ಟಳು.

"ಕಳದ್ರ ಯಾರ್ ಹುಡುಕಿ ಕೊಡ್ತಾರ?" ಎಂದೆ. ರೂಢಿಯೇ ಅದು, ಸುಳ್ಳಲ್ಲ. ಆದರೆ ಅವಳ ಚಂದದ ಚೀಲ ನಮ್ಮ ಕಾರ್ಟನ್ನಿನ ಹಾಗೆ ಕಂಡಾಗ ನನಗೆ ಸ್ವಲ್ಪ ತಂಪಾದದ್ದೂ ಸುಳ್ಳಲ್ಲ.

ಅವಳ ರಾತ್ರಿ ನನ್ನ ಮಧ್ಯಾಹ್ನ. ನಾನು ಬೆಳಗಿನ ಪಾಳಿ ಮುಗಿಸಿ ಸೋಫಾದ ಮೇಲೆ ಕಾಲು ಚಾಚುವ ಹೊತ್ತಿಗೆ ಅವಳ ವಿಡಿಯೋ ಕಾಲ್ ಬರುತ್ತಿತ್ತು. ಕಿಟಕಿಯಾಚೆ ಬಿಸಿಲಿಗೆ ಸಮುದ್ರ ಬೆಳ್ಳಗಾಗಿರುತ್ತಿತ್ತು, ಫೋನಿನೊಳಗೆ ಟೋಕಿಯೋದ ಗೋಡೆಗಳ ಮೇಲೆಲ್ಲ ಕೆಂಪು ಹಳದಿ ದೀಪದ ಅಕ್ಷರಗಳು. ಮನೆಯಷ್ಟು ಅಗಲದ ಬಿಳಿ ಪಟ್ಟೆಗಳ ಮೇಲೆ ಎಲ್ಲ ದಿಕ್ಕಿನಿಂದ ಜನ ಒಮ್ಮೆಗೇ ರಸ್ತೆ ದಾಟುವುದನ್ನು ತೋರಿಸಿದಳು. ಮಲಗಲು ಗೋಡೆಯಲ್ಲಿ ಕೊರೆದಂಥ ಗೂಡು, ಬಾಗಿಲಿಗೆ ಪರದೆ. ರೈಲು ನಿಲ್ದಾಣದಿಂದ ಹೊರಬರುವ ದಾರಿ ತಪ್ಪಿ ನೆಲದೊಳಗೇ ಒಂದು ಊರು ಸುತ್ತಿ ಬಂದಳಂತೆ.

"ಗಿಜಿಗಿಜಿ ನೋಡು, ಥೇಟ್ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡ್" ಎನ್ನುತ್ತಿದ್ದೆ ನಾನು. ಗೂಡು ಕಂಡು, "ಇದಕ್ಕಿಂತ ಇಲ್ಲಿ ಸಬ್ಹಾನಿನ ಲೇಬರ್ ಕ್ಯಾಂಪ್ ವಾಸಿ" ಎಂದೆ. ಫೋನಿಟ್ಟ ಮೇಲೆ ಅವಳು ಕಳಿಸಿದ ಫೋಟೋ ಒಂದೊಂದನ್ನೂ ದೊಡ್ಡದು ಮಾಡಿ, ಅವಳನ್ನು ಬದಿಗೆ ಸರಿಸಿ, ಹಿಂದಿನ ರಸ್ತೆ ನೋಡುತ್ತಿದ್ದೆ. ಅಲ್ಲಿ ಎಷ್ಟು ಹೆಂಗಸರು ಒಬ್ಬೊಬ್ಬರೇ ನಡೆಯುತ್ತಿದ್ದರು!

ಒಸಾಕಾ ತಲುಪಿದ ಮೇಲೆ ಅವಳ ಮುಖ ಸಣ್ಣಗಾಯಿತು. ಒಂದು ಶುಕ್ರವಾರ, ಗಂಡನೂ ಮನೆಯಲ್ಲಿದ್ದಾಗ, ಕಾಲ್ ಮಾಡಿದವಳೇ ಅಳತೊಡಗಿದಳು. ಮೈಗೇನೂ ಆಗಿರಲಿಲ್ಲ. ಕಳ್ಳತನವಾಗಿರಲಿಲ್ಲ.

"ಮಮ್ಮಿ, ಐ ವಾಂಟ್ ಟು ಕಮ್ ಹೋಮ್. ನೋಬಡಿ ಟಾಕ್ಸ್ ಟು ಮಿ. ದಿನಾ ಒಬ್ಳೇ ತಿನ್ನೋದು. ಯಾರೂ ಏನೂ ಕೇಳೋದೇ ಇಲ್ಲ. ಟಿಕೆಟ್ ಚೇಂಜ್ ಮಾಡ್ಲಾ? ನೀನು ಹೇಳು."

ಪಕ್ಕದಲ್ಲಿ ಗಂಡ ಕೈಸನ್ನೆ ಮಾಡುತ್ತಿದ್ದ, ಬಾ ಅಂತ ಹೇಳು, ಬಾ ಅಂತ ಹೇಳು. ನಾನು ಹೂಂ ಅಂದರೆ ಸಾಕಿತ್ತು, ಎರಡು ದಿನದಲ್ಲಿ ಅವಳು ಸಾಲ್ಮಿಯಾದ ಈ ಸೋಫಾದ ಮೇಲೆ ಇರುತ್ತಿದ್ದಳು, ಪ್ರವಾಸ ಖಲಾಸ್. ಇಷ್ಟು ದಿನ ಒಳಗೊಳಗೇ ನನಗೆ ಬೇಕಿದ್ದುದೂ ಅದೇ ಅಲ್ಲವೇ? ಆದರೆ ಯಾರೂ ಏನೂ ಕೇಳುವುದಿಲ್ಲ ಎಂದು ಅವಳು ಅತ್ತದ್ದು ಕೇಳಿ ನನ್ನ ರಕ್ತ ಕುದಿಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ನನಗೆ ಒಂದು ಹೊತ್ತಿನ ಮಟ್ಟಿಗೂ ಸಿಗದೇ ಹೋದದ್ದನ್ನು ಈಕೆ ಉಗುಳಿ ಎದ್ದು ಬರಲು ಹೊರಟಿದ್ದಳು.

"ಬರಬ್ಯಾಡ" ಎಂದೆ. "ಬಂದ್ರ ಬಾಗಿಲ ತಗಿಯೂದಿಲ್ಲ."

ಗಂಡ ಹೌಹಾರಿದ. ಫೋನಿನಲ್ಲಿ ಅವಳ ಅಳು ಗಕ್ಕನೆ ನಿಂತಿತು.

"ಅರಿವಿ ಒಗಕೊಂಡೀಯೇನು? ಇಲ್ಲಲ್ಲ? ಚೀಲದಾಗ ತುಂಬ್ಕೊಂಡು ಏಳು. ಒಗಿಯೂ ಅಂಗಡಿ ಅದಾವಂತಲ್ಲ, ಹೋಗು. ಫೋನ್ ಇಡಬ್ಯಾಡ. ರಸ್ತೆ ಕಡೆ ಹಿಡಿ."

ಮೂಗು ಸೀಟುತ್ತ ಹೊರಟಳು. ಒಸಾಕಾದಲ್ಲಿ ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಒದ್ದೆ ನೆಲದ ಮೇಲೆ ಅಂಗಡಿಗಳ ದೀಪ ಬಿದ್ದಿತ್ತು. "ಆ ಎಡಗಡೆ ಸಂದಿ ತೋರಸು" ಎಂದೆ, ತೋರಿಸಿದಳು. "ನಿಂದ್ರು, ಒಳಗ ನೋಡೂಣು" ಎಂದೆ, ನಿಂತಳು. ಗಾಜಿನಾಚೆ ಉದ್ದ ಕಟ್ಟೆ ಇತ್ತು. ಬೆನ್ನು ನಮ್ಮ ಕಡೆಗಿದ್ದ ಒಬ್ಬ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸಿನವಳಿರಬೇಕು, ಬಟ್ಟಲಿನ ಮೇಲೆ ಬಾಗಿ ಉಣ್ಣುತ್ತಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಎಷ್ಟು ಹೊತ್ತು ನೋಡಿದೆನೋ, "ಮಮ್ಮಿ, ಆರ್ ಯು ದೇರ್?" ಎಂದು ಮಗಳು ಕೇಳಿದಳು.

ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಚೀಲದ ಮೇಲಿನ ದಪ್ಪ ಅಕ್ಷರ ಕಣ್ಣಿಗೆ ಬಿದ್ದು, ಬೆರಳು ತೋರಿಸಿ, "ಕುವೇಟೊ?" ಎಂದಳು. ಮಗಳು ಹೌದೆಂದು ತಲೆಯಾಡಿಸಿದಳು. ಬಿಸಿಲಿಗೆ ಗಾಳಿ ಬೀಸಿಕೊಳ್ಳುವವಳಂತೆ ಮುದುಕಿ ಕೈಯಾಡಿಸಿದಳು. ಮಗಳು ನಕ್ಕು ರೊಟ್ಟಿಯ ಚೂರು ಕೊಟ್ಟಳು. ಅಲ್ಲಿಂದ ಮುಂದೆ ಫೋನು ಚೀಲದ ಮೇಲೆ ಉಳಿಯಿತು. ನನಗೆ ಅಂಗಡಿಯ ಚಾವಣಿ ಕಾಣುತ್ತಿತ್ತು, ಇಬ್ಬರ ನಗು ಕೇಳುತ್ತಿತ್ತು. ಆ ಮುದುಕಿಯ ಮೇಲೂ ನನಗೆ ಹೊಟ್ಟೆ ಉರಿಯಿತು.

ಪ್ರವಾಸ ಪೂರಾ ಮುಗಿಸಿಯೇ ಬಂದಳು. ಬಂದ ವಾರ ನೆಂಟರಂಥ ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದೆವು. ಎಲ್ಲರೆದುರು ಅವಳು ನನ್ನ ಕೊರಳು ತಬ್ಬಿ, "ಮಮ್ಮಿ ಬೈದಿದ್ದಕ್ಕೇ ನಾನು ಉಳಿದೆ. ಶಿ ಲವ್ಸ್ ಮಿ ಸೋ ಮಚ್" ಎಂದಳು. ಹೆಂಗಸರೆಲ್ಲ ಮೆಚ್ಚಿ ನೋಡಿದರು. ಅದು ಪ್ರೀತಿಯಲ್ಲ, ಮುಕ್ಕಾಲು ಪಾಲು ಹೊಟ್ಟೆಕಿಚ್ಚು ಎಂದು ಹೇಳುವ ಜಾಗ ಅದಾಗಿರಲಿಲ್ಲ. ರೊಟ್ಟಿ ಬಡಿಸಿದೆ.

ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತ, "ನೆಕ್ಸ್ಟ್ ಟೈಮ್ ನಾವಿಬ್ರೂ ಹೋಗೋಣ ಮಮ್ಮಿ, ನಾನು ಎಲ್ಲಾ ತೋರಿಸ್ತೀನಿ" ಎಂದಳು.

"ಬ್ಯಾಡ. ಈ ವರ್ಷದ ರಜಾ ಇನ್ನೂ ಹಂಗ ಐತಿ. ನಾ ಒಬ್ಬಾಕಿನ ಹೋಗ್ತೀನಿ."

ಅವಳ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. "ಅಲೋನ್? ಮಮ್ಮಿ, ಆರ್ ಯು ಮ್ಯಾಡ್?" ಎಂದಳು. ಪಡಸಾಲೆಯಿಂದ ಗಂಡ, "ಮತ್ತ ಊರಿಗೆ?" ಎಂದು ಕೂಗಿದ. ಈ ಸಲ ಅವನು ನಗಲಿಲ್ಲ.

ಚೀಲ ಬಾಗಿಲ ಹಿಂದೆ ಬಿದ್ದಿತ್ತು. ತಂದು ಊಟದ ಮೇಜಿನ ಮೇಲಿಟ್ಟು, ಡ್ರಾಯರಿನಿಂದ ಮಾರ್ಕರ್ ತೆಗೆದು, ಮಗಳ ಹೆಸರಿಗೆ ಅಡ್ಡಗೆರೆ ಎಳೆದು ಅದರ ಮೇಲೆ ನನ್ನ ಹೆಸರು ಬರೆದೆ. ಕುವೈತ್ ಎಂಬುದನ್ನು ಹಾಗೇ ಬಿಟ್ಟೆ.