ಮುತ್ತರಾಯಪ್ಪನವರ ಒಂದೇ ಫ್ಲಾಪಿ

ಮುತ್ತರಾಯಪ್ಪನವರಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ. ನನಗೆ ಬರುತ್ತದೆ ಎಂದು ನಾನೊಬ್ಬನೇ ನಂಬಿದ್ದೆ.

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಅವರು ಹನ್ನೆರಡು ವರ್ಷ ಗೇಜುಗಳ ಬೀರು ಕಾಯ್ದವರು. ಭಾಗಗಳ ಅಳತೆ ಪರೀಕ್ಷಿಸುವ ಗೇಜನ್ನು ಯಾರೇ ಒಯ್ದರೂ ಸಂಜೆಗೆ ಅದರ ಜಾಗಕ್ಕೇ ತಂದಿಡಬೇಕು. ಸ್ವಂತಕ್ಕೊಂದು ಬಚ್ಚಿಟ್ಟುಕೊಂಡವನಿಗೆ ಅವರ ಬಾಯಿಂದ ಬಿಡುಗಡೆಯಿಲ್ಲ. ಎಂಬತ್ತೇಳರಲ್ಲಿ ಕಂಪ್ಯೂಟರ್ ಬಂದಾಗ, ಮಂಡಿನೋವಿನ ಮನುಷ್ಯ ಪಾಪ ಎಂದು ಅವರನ್ನು ಫ್ಲಾಪಿ ಕಾಯಲು ಏಸಿ ಕೋಣೆಗೆ ಹಾಕಿದರು. ಆಡಳಿತದ ಕರುಣೆ ಅಂಥದ್ದು.

ಅಲ್ಲಿ ನಾವು ಮೂವರು ಸೇರಿ ಕಾರ್ಮಿಕರ ಪಾಳಿ ಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆಯುತ್ತಿದ್ದೆವು. ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ಮಾತ್ರ ಅವರವರ ಫ್ಲಾಪಿಯಲ್ಲಿ, ಅವರವರ ಡ್ರಾಯರಿನಲ್ಲಿ. ನನ್ನದಕ್ಕೆ ಬೀಗವೂ ಇತ್ತು.

ಅಂಚೆಟ್ಟಿ ಕಡೆಯಿಂದ ಬರುತ್ತಿದ್ದ ಕಾರ್ಮಿಕ ಚಿಕ್ಕಮುನಿಯಪ್ಪನಿಗೆ ಮೊದಲ ಪಾಳಿಯೇ ಇರಲೆಂದು ಮ್ಯಾನೇಜರ್ ಒಪ್ಪಿದ್ದರು. ಹೆಂಡತಿಗೆ ಕಣ್ಣು ಕಾಣದು. ಊರಿಗೆ ಸಂಜೆಯದೇ ಕೊನೆಯ ಬಸ್ಸು. ನನ್ನ ಜೊತೆಯವನಾದ ಚೆನ್ನಕೇಶವ ಅದನ್ನು ತನ್ನ ಪರೀಕ್ಷೆಗೆ ಸೇರಿಸಿಕೊಂಡ. ಆಮೇಲೊಮ್ಮೆ ನಾನು ಬೇರೇನಕ್ಕೋ ಪ್ರೋಗ್ರಾಂ ತಿದ್ದಿ, ನನ್ನ ಹಳೆಯ ಪರೀಕ್ಷೆಯನ್ನೇ ಓಡಿಸಿ, ಪಾಸೆಂದು ಹಿಗ್ಗಿ, ಪಟ್ಟಿ ಅಚ್ಚು ಹಾಕಿಸಿದೆ.

ಶನಿವಾರ ಚಿಕ್ಕಮುನಿಯಪ್ಪ ಬಾಗಿಲಲ್ಲಿ ನಿಂತಿದ್ದ.

"ಸೋಮವಾರದಿಂದ ಎರಡ್ನೇ ಶಿಫ್ಟಂತೆ ಸಾರ್. ಕೆಲ್ಸ ಬುಟ್ಬುಡ್ತೀನಿ. ಅವಳ್ನ ಒಬ್ಳೇ ಬುಡಾಕಾಗಕಿಲ್ಲ."

"ಪರೀಕ್ಷೆ ಪಾಸಾಗಿತ್ತಲ್ಲ," ಎಂದೆ ನಾನು.

"ಯಾರ್ ಗೇಜ್ನಾಗೆ ಸಾರ್?" ಎಂದರು ಮುತ್ತರಾಯಪ್ಪ. "ನಿಮ್ ಗೇಜ್ನಾಗೆ ನೀವು ಯಾವಾಗ್ಲೂ ಪಾಸೇ. ತೆಗೀರಿ ಬೀಗಾನ."

ಮೂರೂ ಫ್ಲಾಪಿಗಳನ್ನು ಮೇಜಿನ ಮೇಲಿಟ್ಟು ನಮ್ಮನ್ನು ಎದುರಿಗೆ ಕೂರಿಸಿದರು. ಮೂವರೂ ಬರೆದಿದ್ದ ಒಂದೇ ಬಗೆಯ ಪರೀಕ್ಷೆಗಳಲ್ಲಿ ಒಂದನ್ನು ಉಳಿಸಿ, ಒಬ್ಬರ ಬಳಿಯಷ್ಟೇ ಇದ್ದವನ್ನೂ ಸೇರಿಸಿ, ಎಲ್ಲರಿಗೂ ಒಂದೇ ಫ್ಲಾಪಿ ಮಾಡಿಸಿದರು. ಪರೀಕ್ಷೆಗಳಿಗೆ ನಂಬರ್ ಹಾಕಲು ಹೋದೆ. ಬೇಡ, ಯಾರಿಗಾಗಿ ಬರೆದದ್ದೋ ಅವರ ಹೆಸರಿಡಿ ಎಂದರು.

"ನಂಬರಾದ್ರೆ ಅಳಿಸ್ಬುಡ್ತೀರಿ ಸಾರ್. ಹೆಸ್ರಿದ್ರೆ ಕೈ ಬರಾಕಿಲ್ಲ."

ಮತ್ತೆ ಓಡಿಸಿದೆವು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕಮುನಿಯಪ್ಪನ ಹೆಸರು, ಮುಂದೆ ತಪ್ಪು ಎಂಬ ಗುರುತು. ತಪ್ಪು ನನ್ನದು, ಹೆಸರು ಅವನದು. ತಿದ್ದಿದೆ. ಹೊಸ ಪಟ್ಟಿ ಕಿರುಗುಟ್ಟುತ್ತ ಹೊರಬಂತು: ಮೊದಲ ಪಾಳಿ.

"ನಾಳೆ ನಾವ್ಯಾರೂ ಇಲ್ದಿದ್ರೂ ನಿನ್ನ ಕೇಳ್ದೆ ಪಟ್ಟಿ ಹೊರಡಾಕಿಲ್ಲ ಕಣ್ಲಾ," ಎಂದರು ಮುತ್ತರಾಯಪ್ಪ.

ಚಿಕ್ಕಮುನಿಯಪ್ಪನಿಗೆ ಎಷ್ಟು ಅರ್ಥವಾಯಿತೋ. ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯೊಳಗಿಟ್ಟುಕೊಂಡ.

"ಇದು ನನ್ ತಾವೇ ಇರ್ಲಿ ಸಾರ್. ಅವಳ್ಗೆ ಓದಿ ಹೇಳ್ಬೇಕು."

ನೋಟೀಸ್ ಬೋರ್ಡಿಗೆ ಇನ್ನೊಂದು ಪ್ರತಿ ತೆಗೆದೆವು.