ಭಾವನ ಕುರ್ಚಿ ಫೇಲಾದದ್ದು

ನಮ್ಮ ಭಾವ ಕುರ್ಚಿ ಕಾರ್ಖಾನೆಯಲ್ಲಿ ಪರೀಕ್ಷಕರು. ಊರೆಲ್ಲ ನಿಂತು ದುಡಿಯುವಾಗ ಕೂತು ದುಡಿಯುವ ಮಹಾಪುರುಷರು. ಕುರ್ಚಿಯ ಮೇಲೆ ಕೂತು ಎಡಕ್ಕೆ ವಾಲುತ್ತಾರೆ, ಬಲಕ್ಕೆ ವಾಲುತ್ತಾರೆ, ಆಮೇಲೆ ಅದನ್ನು ತಲೆಕೆಳಗು ಮಾಡಿ ಅದರ ಹೊಟ್ಟೆ ತಡವುತ್ತಾರೆ. ಪಾಲಿಶ್ ಮೇಲಿರುತ್ತದೆ, ಸತ್ಯ ಕೆಳಗಿರುತ್ತದೆ ಎಂಬುದು ಅವರ ವೇದಾಂತ. ಹಲ್ಲಿನ ಡಾಕ್ಟರ ಬಳಿ ಹೋದರೂ ಮೊದಲು ಕುರ್ಚಿ ಅಲುಗಾಡಿಸಿ, ಆಮೇಲೆ ಬಾಯಿ ತೆರೆಯುತ್ತಾರೆ.

ಅವರ ಮಗಳಿಗೆ ಪೀಠೋಪಕರಣ ವಿನ್ಯಾಸ ಕಲಿಯುವ ಆಸೆ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ, ಹಾಗಾಗಿ ಆನ್‌ಲೈನ್ ಕಾಲೇಜೇ ಗತಿ. ಹಿಂದೆ ಅಂಥದ್ದೊಂದನ್ನು ಸೇರಿ, ವರ್ಷವಿಡೀ ಹೊಗಳಿಸಿಕೊಂಡು, ಕೊನೆಗೆ ಒಂದು ಸ್ಟೂಲನ್ನೂ ನೆಟ್ಟಗೆ ಬಿಡಿಸಲು ಬಾರದೆ ಹೊರಬಿದ್ದಿದ್ದಳು. ಇನ್ನೊಮ್ಮೆ ಹಾಗಾದರೆ ಪೆನ್ಸಿಲ್ ಮುಟ್ಟುವುದಿಲ್ಲ ಎಂದು ಅಮ್ಮನ ಮುಂದೆ ಅತ್ತಿದ್ದಳು ಕೂಡ.

"ಅಪ್ಪಾ, ಮೂರು ಕಾಲೇಜು ಆರಿಸಿದ್ದೀನಿ. ಮಾನ್ಯತೆ ಎಲ್ಲಾ ವಿಚಾರಿಸಿದ್ದಾಯ್ತು. ಒಂದೊಂದು ಪುಕ್ಕಟೆ ಕ್ಲಾಸ್ ಕೊಡ್ತಾರೆ. ಯಾವುದು ಗಟ್ಟಿ ಅಂತ ನೀನು ನೋಡ್ತೀಯಾ?"

ರಣಕಹಳೆ ಕೇಳಿದ ಕುದುರೆಯಂತೆ ಭಾವ ಎದ್ದರು.

"ಒಂದು ಕೆಟ್ಟ ಚಿತ್ರ ತೋರಿಸೋಣ ಮಗಳೇ. ಅದಕ್ಕೆ ಏನಂತಾರೋ ಅದರಲ್ಲೇ ಗೊತ್ತಾಗುತ್ತೆ."

"ಕೆಟ್ಟದ್ದು ಬಿಡಿಸೋರ್ಯಾರು?"

"ನಾನಿಲ್ವಾ?"

"ಅದೊಂದ್ರಲ್ಲಿ ನಿಮ್ಮಪ್ಪನ್ನ ಮೀರಿಸೋರಿಲ್ಲ ಬಿಡು," ಅಂದಳು ಅಕ್ಕ ಒಳಗಿನಿಂದ.

ಎಡವಟ್ಟಾದದ್ದು ಇಲ್ಲೇ. ಕೆಟ್ಟ ಕುರ್ಚಿ ಬಿಡಿಸಲು ಕೂತ ಭಾವನಿಗೆ ನಡುವೆ ಅದರ ಮೇಲೆ ಮೋಹ ಹುಟ್ಟಿತು. ಕುರ್ಚಿಯ ಕೈಗೊಂದು ಬಳುಕು, ಬೆನ್ನಿಗೊಂದು ಬಳ್ಳಿ. ಮುಗಿಸುವ ಹೊತ್ತಿಗೆ ಅದು ಅವರ ಕಣ್ಣಿಗೆ ಸಿಂಹಾಸನವಾಗಿತ್ತು.

ಮೊದಲ ಕಾಲೇಜಿನವನು "ಎಂಥಾ ಪ್ರತಿಭೆ ಸರ್!" ಎಂದ. ಎರಡನೆಯವನು ಪರದೆಯ ತುಂಬ ಕೆಂಪು ಹೃದಯಗಳನ್ನು ಹಾರಿಸಿದ.

"ಎರಡೂ ಒಳ್ಳೆ ಕಾಲೇಜು ಕಣೇ!" ಭಾವ ಉಬ್ಬಿದರು. ಮಗಳ ಮುಖ ಬಾಡಿತು. ಈ ಹೊಗಳಿಕೆಯ ರುಚಿ ಅವಳಿಗೆ ಗೊತ್ತಿತ್ತು.

ಮೂರನೆಯ ಕಡೆ ಒಬ್ಬ ಟೀಚರಮ್ಮ. ಚಿತ್ರವನ್ನೇ ದಿಟ್ಟಿಸಿ, "ಹಿಂದಿನ ಕಾಲು ನೆಟ್ಟಗೆ ಇಟ್ಟಿದ್ದೀರಲ್ಲ. ಒರಗಿದ ಕೂಡಲೇ ಬೀಳ್ತೀರಿ. ತಿದ್ದಿ, ಈಗಲೇ ಮತ್ತೆ ತೋರಿಸಿ," ಎಂದರು.

ಭಾವ ಮೈಕ್ ಆಫ್ ಮಾಡಿ ಗುಡುಗಿದರು: "ಕಂಡಕಂಡ ಕುರ್ಚಿ ಫೇಲ್ ಮಾಡಿದ ಕೈ ಇದು! ನನ್ನ ಕುರ್ಚೀನೇ ಫೇಲಾ? ಈ ಕಾಲೇಜು ಬೇಡವೇ ಬೇಡ!"

"ಅದಿರ್ಲಿ ಅಪ್ಪಾ. ಬೀಳುತ್ತೋ ಇಲ್ವೋ, ಅದು ಹೇಳು."

ಭಾವ ಹಾಳೆಯನ್ನು ಅಡ್ಡ ಹಿಡಿದರು, ತಲೆಕೆಳಗು ಹಿಡಿದರು. ಗಂಟಲು ಸರಿಮಾಡಿಕೊಂಡರು.

"ಬೀಳುತ್ತೆ."

"ಹಾಗಾದ್ರೆ ನಂಗೆ ಇದೇ ಬೇಕು. ನೀನು ಆಚೆ ಸರಿ, ಅವರು ಕಾಯ್ತಿದ್ದಾರೆ."

ಅವಳು ಕಾಲನ್ನು ಹಿಂದಕ್ಕೆ ಓರೆ ಮಾಡಿ ತೋರಿಸಿದಳು. "ನಿಲ್ಲುತ್ತೆ. ಆದ್ರೆ ಮೊಣಕೈ ಎಲ್ಲಿಡೋದು?" ಎಂದರು ಟೀಚರಮ್ಮ. ಅಳಿಸಿದಳು, ಬಿಡಿಸಿದಳು, ಮತ್ತೆ ಅಳಿಸಿದಳು. ಭಾವನ ಬಳ್ಳಿಯೂ ಹೋಯಿತು. ಕೊನೆಗೆ "ಪರವಾಗಿಲ್ಲ" ಎಂಬ ಮಾತು ಬಂತು. ಹುಡುಗಿ ಅಡುಗೆಮನೆಗೆ ಓಡಿ ಅಮ್ಮನನ್ನು ತಬ್ಬಿಕೊಂಡಳು.

ಆ ಸಂಜೆಯೇ ಅವಳು ಅಲ್ಲಿ ಸೇರಿದಳು.

"ಟೀಚರ್ ಗಟ್ಟಿ," ಎಂದು ಭಾವ ತೀರ್ಪಿತ್ತರು, "ಬಾಯಿ ಮಾತ್ರ ಸ್ವಲ್ಪ ಜೋರು."

"ಮನೇಲಿ ನಿಮ್ಮದು ಕೇಳಿ ಕೇಳಿ ಅವಳಿಗೆ ಅಭ್ಯಾಸ ಇದೆ ಬಿಡಿ," ಅಂದಳು ಅಕ್ಕ.